ಮಿದುಳಿನ ಕಾವಲುಗಾರರೂ ಮೂರ್ಛೆರೋಗವೂ

ಆರೋಗ್ಯ ವಿಚಾರ

ಕಳೆದ ಸಂಚಿಕೆ ಕೈಸೇರಿದ ಮೇಲೆ ಡೊಂಬಿವಲಿಯಿಂದ ಸಹೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಹದಿನಾಲ್ಕು ವರ್ಷದ ಮಗನಿಗೆ ಎರಡು ವರ್ಷಗಳಿಂದ ಮೂರ್ಛೆ ಬರುತ್ತಿದೆ. ವೈದ್ಯರು ಗುಳಿಗೆ ಕೊಟ್ಟಿದ್ದಾರೆ, ಗುಣವೂ ಕಂಡಿದೆ. ಈಚೆಗೆ ಪರಿಚಿತರೊಬ್ಬರು, "ಫಿಟ್ಸಿಗೂ ಮಿದುಳಿನ ರೋಗನಿರೋಧಕ ಕೋಶಗಳಿಗೂ ಸಂಬಂಧವಿದೆಯಂತೆ" ಎಂದರಂತೆ. ಅಂದಿನಿಂದ ಈ ತಾಯಿಗೆ ಮೂರು ಸಂದೇಹ. ಹಾಗಾದರೆ ಇದು ಅಂಟುರೋಗವೆ? ಹುಡುಗನ ಮೈಯಲ್ಲಿ ರೋಗನಿರೋಧಕ ಶಕ್ತಿ ಸಾಲದೆ ಹೀಗಾಯಿತೆ? ಶಕ್ತಿ ಹೆಚ್ಚಿಸುವ ಲೇಹ್ಯ, ಕಷಾಯಗಳನ್ನು ಕೊಟ್ಟು ಗುಳಿಗೆಯನ್ನು ಬಿಡಿಸಬಹುದೆ? ಪತ್ರದ ಕೊನೆಗೆ, "ಊರಿನಲ್ಲಿ ಹಿರಿಯರು ಈ ವಿಷಯ ಯಾರಿಗೂ ಹೇಳಬೇಡಿ ಎಂದಿದ್ದಾರೆ, ದಯವಿಟ್ಟು ನನ್ನ ಹೆಸರು ಹಾಕಬೇಡಿ" ಎಂದಿದೆ. ಹೆಸರು ಹಾಕುವುದಿಲ್ಲ. ಆದರೆ ಇದೇ ಸಂದೇಹ ಇನ್ನೂ ಹಲವು ಮನೆಗಳಲ್ಲಿ ಇರಬಹುದಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಮೊದಲನೆಯ ಸಂದೇಹಕ್ಕೆ ಉತ್ತರ ಒಂದೇ ಮಾತು: ಮೂರ್ಛೆರೋಗ ಅಂಟುರೋಗವಲ್ಲ. ರೋಗಿಯನ್ನು ಮುಟ್ಟಿದರೆ, ಅವನ ಲೋಟದಲ್ಲಿ ನೀರು ಕುಡಿದರೆ, ಅವನ ಬಾಯಿಯ ನೊರೆಯನ್ನು ಒರೆಸಿದರೆ ಯಾರಿಗೂ ಅದು ತಗಲುವುದಿಲ್ಲ. ಮಿಕ್ಕ ಎರಡು ಸಂದೇಹಗಳು ಅಷ್ಟು ಸುಲಭವಲ್ಲ. ಅವನ್ನು ಬಿಡಿಸಬೇಕಾದರೆ ಮಿದುಳಿನೊಳಗೆ ಸ್ವಲ್ಪ ಹೊಕ್ಕು ನೋಡಬೇಕು.

ಮೂರ್ಛೆ ಎಂದರೇನು?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ವಿದ್ಯುತ್ತಿನ ಸಣ್ಣ ಮಿಡಿತಗಳಿಂದಲೂ ರಾಸಾಯನಿಕಗಳಿಂದಲೂ ಒಂದರೊಡನೊಂದು ಮಾತಾಡಿಕೊಳ್ಳುತ್ತವೆ. ನಾವು ನಡೆಯುವುದು, ನುಡಿಯುವುದು, ನೆನೆಯುವುದು ಎಲ್ಲವೂ ಈ ಮಾತುಕತೆಯ ಫಲ. ಒಳ್ಳೆಯ ಸಭೆಯಲ್ಲಿ ಒಬ್ಬರು ಮಾತಾಡುವಾಗ ಮಿಕ್ಕವರು ಕೇಳುತ್ತಾರಲ್ಲವೆ? ಮಿದುಳಿನಲ್ಲಿಯೂ ಹಾಗೆಯೇ. ಕೆಲವು ಕೋಶಗಳು ನೆರೆಯವರನ್ನು ಎಬ್ಬಿಸುತ್ತವೆ, ಕೆಲವು ಸುಮ್ಮನಿರಿಸುತ್ತವೆ. ಈ ಕಟ್ಟುಪಾಡು ತಪ್ಪಿ ಅಸಂಖ್ಯ ಕೋಶಗಳು ಒಮ್ಮೆಲೇ ಕೂಗತೊಡಗಿದರೆ ಅದೇ ಸೆಳವು. ಕೂಗು ಮಿದುಳಿನ ಒಂದು ಮೂಲೆಯಲ್ಲಿಯೇ ನಿಂತರೆ ಕೈಯೊಂದು ಮಾತ್ರ ಅದುರಬಹುದು, ಅಥವಾ ವ್ಯಕ್ತಿ ಸ್ವಲ್ಪ ಹೊತ್ತು ಬೆಪ್ಪಾದಂತೆ ಕುಳಿತುಬಿಡಬಹುದು. ಇಡೀ ಮಿದುಳಿಗೆ ಹಬ್ಬಿದರೆ ಎಚ್ಚರ ತಪ್ಪುತ್ತದೆ, ಮೈ ಸೆಟೆಯುತ್ತದೆ, ಕೈಕಾಲು ಬಡಿದುಕೊಳ್ಳುತ್ತವೆ. ಹೀಗೆ ಸೆಳವು ಮತ್ತೆ ಮತ್ತೆ ಬರುವ ಸ್ವಭಾವಕ್ಕೆ ಮೂರ್ಛೆರೋಗ ಅಥವಾ ಅಪಸ್ಮಾರ ಎಂದು ಹೆಸರು.

ಈ ರೋಗವನ್ನು ಕಂಡು ನಮ್ಮ ಹಿಂದಿನವರು ಬೆದರಿದ್ದು ಸಹಜ. ನಟರಾಜನ ಪಾದದ ಕೆಳಗೆ ಬಿದ್ದಿರುವ ಕುಳ್ಳನಿಗೂ ಅಪಸ್ಮಾರನೆಂದೇ ಹೆಸರು. ಆದರೆ ರೋಗ ಇರುವುದು ಗ್ರಹಚಾರದಲ್ಲಲ್ಲ, ಕೋಶಗಳಲ್ಲಿ. ಅದು ಅಪರೂಪದ ರೋಗವೂ ಅಲ್ಲ. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಕಾವಲುಗಾರರು ಯಾರು?

ಮಿದುಳಿನಲ್ಲಿ ನರಕೋಶಗಳಲ್ಲದೆ ಬೇರೆ ಜಾತಿಯ ಕೋಶಗಳೂ ಇವೆ. ಅವಕ್ಕೆಲ್ಲ ಒಟ್ಟಾಗಿ 'ಗ್ಲಿಯ' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಅಂಟು ಎಂದರ್ಥ. ನರಕೋಶಗಳನ್ನು ಹಿಡಿದಿಡುವ ಗೋಂದು ಎಂದಷ್ಟೇ ಹಿಂದಿನ ವಿದ್ವಾಂಸರು ಅವನ್ನು ತಿಳಿದಿದ್ದರು. 1919ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಪಿಯೊ ದೆಲ್ ರಿಯೊ ಓರ್ತೇಗ ಎಂಬ ವಿಜ್ಞಾನಿ, ಮಿದುಳಿನ ತೆಳುವಾದ ಹೋಳುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ಹೊಸ ಕ್ರಮವನ್ನು ಬಳಸಿ, ಇವುಗಳಲ್ಲಿ ಒಂದು ಜಾತಿಯನ್ನು ಬೇರೆಯಾಗಿ ಗುರುತಿಸಿದ. ಪುಟ್ಟ ಒಡಲು, ಸುತ್ತಲೂ ಕವಲೊಡೆದ ತೆಳ್ಳನೆಯ ಕೈಗಳು. ಅವಕ್ಕೆ 'ಮೈಕ್ರೋಗ್ಲಿಯ' ಎಂದು ಹೆಸರಿಟ್ಟ. ಪೆಟ್ಟಾದ ಕಡೆಗೆ ಇವು ಸರಿದು ಹೋಗುತ್ತವೆ, ಕಸವನ್ನು ನುಂಗಿ ಚೊಕ್ಕಟ ಮಾಡುತ್ತವೆ ಎಂದು ಆತ ಆಗಲೇ ಹೇಳಿದ್ದ. ತನ್ನ ಹಿರಿಯನೂ ನೊಬೆಲ್ ಬಹುಮಾನಿತನೂ ಆದ ಕಹಾಲನೊಡನೆ ಮನಸ್ತಾಪವಾಗಿ 1920ರಲ್ಲಿ ಪ್ರಯೋಗಶಾಲೆಯನ್ನು ಬಿಟ್ಟ. ಮುಂದೆ ಸ್ಪೇನಿನ ಅಂತರ್ಯುದ್ಧದಿಂದ ದೇಶವನ್ನೇ ಬಿಟ್ಟು, 1945ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡ.

ಮಿದುಳಿನ ಕೋಶಗಳಲ್ಲಿ ಸುಮಾರು ನೂರಕ್ಕೆ ಐದರಿಂದ ಹತ್ತು ಮೈಕ್ರೋಗ್ಲಿಯ. ಮೈಯ ಬೇರೆ ಭಾಗಗಳಲ್ಲಿ ರಕ್ತದ ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುವಂತೆ, ಮಿದುಳಿನಲ್ಲಿ ಆ ಕೆಲಸ ಮುಖ್ಯವಾಗಿ ಇವುಗಳದು. ಇನ್ನೊಂದು ಸ್ವಾರಸ್ಯವಿದೆ. ಇವು ಮಿದುಳಿನಲ್ಲಿ ಹುಟ್ಟಿದವಲ್ಲ ಎಂಬುದು 2010ರಲ್ಲಿ ಇಲಿಗಳ ಮೇಲೆ ನಡೆದ ಶೋಧನೆಯಿಂದ ಖಚಿತವಾಯಿತು. ಭ್ರೂಣ ತೀರ ಎಳೆಯದಾಗಿರುವಾಗ ಅದಕ್ಕೆ ಹೊಂದಿಕೊಂಡ ಹಳದಿ ಚೀಲದಲ್ಲಿ ಇವುಗಳ ಮೂಲ. ಅಲ್ಲಿಂದ ವಲಸೆ ಹೊರಟು ಮಿದುಳಿಗೆ ಬಂದು ಅಲ್ಲಿಯೇ ನೆಲೆಸುತ್ತವೆ. ಹುಟ್ಟಿದೂರು ಬಿಟ್ಟು ಬಂದು, ಬಂದ ಊರನ್ನೇ ತಮ್ಮದಾಗಿ ಮಾಡಿಕೊಂಡು ಕಾಯುವ ಈ ಬಾಳು ನಮ್ಮ ವಾಚಕರಿಗೆ ಅಪರಿಚಿತವೇನಲ್ಲ.

ರೋಗವಿಲ್ಲದಾಗ ಈ ಕಾವಲುಗಾರರು ನಿದ್ರಿಸುತ್ತಾರೆಂದು ಬಹುಕಾಲ ನಂಬಿದ್ದರು. 2005ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿಜ್ಞಾನಿಗಳು ವಿಶೇಷ ಸೂಕ್ಷ್ಮದರ್ಶಕದಿಂದ ಜೀವಂತ ಇಲಿಯ ಮಿದುಳನ್ನು ನೋಡಿದಾಗ ನಿಜ ತಿಳಿಯಿತು. ಒಡಲು ಇದ್ದಲ್ಲಿಯೇ ಇರುತ್ತದೆ. ಕೈಗಳು ಮಾತ್ರ ಎಡೆಬಿಡದೆ ಚಾಚುತ್ತ, ಹಿಂದೆಗೆಯುತ್ತ, ಸುತ್ತಲಿನ ಕೋಶಗಳನ್ನು ತಡವಿ ನೋಡುತ್ತಿರುತ್ತವೆ. ಕೆಲವೇ ಗಂಟೆಗಳಿಗೊಮ್ಮೆ ಇಡೀ ಮಿದುಳಿನ ಗಸ್ತು ಮುಗಿಯುತ್ತದೆಂದು ಅವರು ಲೆಕ್ಕ ಹಾಕಿದರು. ಕೋಲು ಕುಟ್ಟುತ್ತ ಕೇರಿ ಸುತ್ತುತ್ತಿದ್ದ ನಮ್ಮೂರ ತಳವಾರನಿಗೂ ಇಷ್ಟು ಎಚ್ಚರ ಸಾಧ್ಯವಿರಲಿಲ್ಲ.

ಬೆಂಕಿ ಆರಿಸುವ ಕೈ

ಸೆಳವು ಬಂದಾಗ ಈ ಕಾವಲುಗಾರರು ಏನು ಮಾಡುತ್ತಾರೆ? ಅದನ್ನು ತಿಳಿಯಲು ಎ.ಟಿ.ಪಿ. ಎಂಬ ವಸ್ತುವಿನ ಪರಿಚಯ ಬೇಕು. ಜೀವಕೋಶಗಳ ಕೈಖರ್ಚಿನ ಹಣವೆಂದರೆ ಅದು. ಪ್ರತಿಯೊಂದು ಕೆಲಸಕ್ಕೂ ಕೋಶ ಅದನ್ನೇ ಖರ್ಚು ಮಾಡುತ್ತದೆ. ನರಕೋಶಗಳು ಅತಿಯಾಗಿ ಮಿಡಿದಾಗ ಆ ಎ.ಟಿ.ಪಿ. ಹೊರಗೂ ಚೆಲ್ಲುತ್ತದೆ. ಮೈಕ್ರೋಗ್ಲಿಯದ ಮೇಲೆ ಇದರ ವಾಸನೆ ಹಿಡಿಯುವ ಮೂಗಿನಂಥ ಒಂದು ಅಂಗವಿದೆ. ವಾಸನೆ ಬಂದ ಕಡೆಗೆ ಅವುಗಳ ಕೈಗಳು ಓಡುತ್ತವೆ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಈ 'ಮೂಗು' ಇಲ್ಲದ ಇಲಿಗಳಿಗೆ ಸೆಳವು ಬರಿಸಿ ನೋಡಿದರು. ಸಾಮಾನ್ಯ ಇಲಿಗಳಿಗಿಂತ ಅವಕ್ಕೆ ಸೆಳವು ಉಗ್ರವಾಗಿತ್ತು. ಎಂದರೆ, ಕಾವಲುಗಾರರು ಓಡಿ ಬರುವುದು ಉಪಕಾರಕ್ಕೇ.

ಬಂದು ಏನು ಮಾಡುತ್ತಾರೆಂಬುದು 2020ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ನ್ಯೂಯಾರ್ಕಿನಲ್ಲಿ ನಡೆದ ಶೋಧನೆಯ ಸಾರ ಇದು. ಹೊರಗೆ ಚೆಲ್ಲಿದ ಎ.ಟಿ.ಪಿ.ಯನ್ನು ಒಡೆಯುವ ಕೆಲಸವನ್ನು ಮೈಕ್ರೋಗ್ಲಿಯ ಆರಂಭಿಸುತ್ತವೆ. ಅದು ಹಂತಹಂತವಾಗಿ ಒಡೆದು ಕೊನೆಗೆ ಅಡಿನೋಸಿನ್ ಎಂಬ ವಸ್ತುವಾಗುತ್ತದೆ. ಅಡಿನೋಸಿನ್ ನರಕೋಶಗಳ ಮೇಲೆ ಕುಳಿತು, "ಸಾಕು, ಸುಮ್ಮನಿರು" ಎಂದು ಹೇಳುತ್ತದೆ. ಗದ್ದಲ ಮಾಡಿದವನ ಜೇಬಿನಿಂದ ಬಿದ್ದ ಹಣದಿಂದಲೇ ಅವನಿಗೆ ತಣ್ಣನೆಯ ಪಾನಕ ತಂದು ಕುಡಿಸಿ ಸಮಾಧಾನ ಮಾಡಿದಂತೆ! ಮೈಕ್ರೋಗ್ಲಿಯವನ್ನು ತೆಗೆದುಹಾಕಿದ ಇಲಿಗಳಲ್ಲಿ ನರಕೋಶಗಳನ್ನು ಕೆರಳಿಸಿದಾಗ ಸೆಳವು ಸುಲಭವಾಗಿ ಬಂದಿತು.

ಅಡಿನೋಸಿನ್ ನಮಗೆಲ್ಲ ದಿನವೂ ಪರಿಚಯವಾಗುವ ವಸ್ತು. ದಿನವಿಡೀ ದುಡಿದ ಮಿದುಳಿನಲ್ಲಿ ಅದು ಕೂಡಿಕೊಂಡು ತೂಕಡಿಕೆ ತರುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದು ಕುಳಿತುಕೊಳ್ಳಬೇಕಾದ ಮಣೆಯ ಮೇಲೆ ತಾನೇ ಹೋಗಿ ಕುಳಿತುಬಿಡುವುದರಿಂದ ನಮಗೆ ನಿದ್ದೆ ಹಾರಿಹೋಗುತ್ತದೆ. ಇದನ್ನು ಓದಿ ಯಾರೂ ಮನೆಯ ಫಿಲ್ಟರನ್ನು ಅಟ್ಟಕ್ಕೆ ಏರಿಸಬೇಕಾಗಿಲ್ಲ. ಮನೆಯಲ್ಲಿ ಮೂರ್ಛೆರೋಗಿ ಇದ್ದರೆ ಕಾಫಿಯ ಮಿತಿಯನ್ನು ವೈದ್ಯರಲ್ಲಿ ಕೇಳಿಕೊಂಡರೆ ಸಾಕು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಇಷ್ಟರಿಂದ ಕಾವಲುಗಾರರು ಸದಾ ಒಳ್ಳೆಯವರೆಂದು ತೀರ್ಮಾನಿಸಬಾರದು. ಬಣವೆಗೆ ಬೆಂಕಿ ಬಿದ್ದಾಗ ಓಡಿಬಂದ ಜನ ಮೊದಲು ನೀರೆರಚುತ್ತಾರೆ. ಬೆಂಕಿ ದಿನದಿನವೂ ಬೀಳತೊಡಗಿದರೆ ಅದೇ ಜನ ರೊಚ್ಚಿಗೆದ್ದು, ಕಂಡ ಸೂರುಗಳನ್ನೆಲ್ಲ ಕಿತ್ತೆಸೆಯಬಹುದು. ಸೆಳವು ಬಹಳ ಹೊತ್ತು ನಿಲ್ಲದಿದ್ದರೆ, ಅಥವಾ ಮರಮರಳಿ ಬಂದರೆ, ಮೈಕ್ರೋಗ್ಲಿಯದ ರೂಪವೇ ಬದಲಾಗುತ್ತದೆ. ತೆಳ್ಳನೆಯ ಕೈಗಳು ಮೊಂಡಾಗಿ ಒಡಲು ಊದಿಕೊಳ್ಳುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾ ಮೊದಲಾದ ಉರಿಯೂತದ ವಸ್ತುಗಳನ್ನು ಅವು ಸುರಿಸತೊಡಗುತ್ತವೆ. ರೋಗಾಣುವನ್ನು ಎದುರಿಸುವಾಗ ಇವು ಬೇಕಾದ ಆಯುಧಗಳೇ. ಆದರೆ ಅದೇ ಇಂಟರ್‌ಲ್ಯೂಕಿನ್ ನರಕೋಶವನ್ನು ಮತ್ತಷ್ಟು ಸುಲಭವಾಗಿ ಕೆರಳುವಂತೆ ಮಾಡುತ್ತದೆ. ಸೆಳವಿನಿಂದ ಉರಿಯೂತ, ಉರಿಯೂತದಿಂದ ಮತ್ತೆ ಸೆಳವು. ಹೀಗೆ ಚಕ್ರ ತಿರುಗತೊಡಗುತ್ತದೆ.

2000ದಲ್ಲಿ ಇಟಲಿಯ ಮಿಲಾನ್ ನಗರದ ವಿಜ್ಞಾನಿಗಳು ಈ ಇಂಟರ್‌ಲ್ಯೂಕಿನ್ನಿನ ಕೆಲಸವನ್ನು ತಡೆಯುವ ವಸ್ತುವನ್ನು ಇಲಿಗಳ ಮಿದುಳಿಗೆ ಕೊಟ್ಟಾಗ ಸೆಳವು ಕಡಿಮೆಯಾಯಿತು. ಮನುಷ್ಯರಲ್ಲಿಯೂ, ಗುಳಿಗೆಗೆ ಬಗ್ಗದ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಿಂದ ತೆಗೆದ ಮಿದುಳಿನ ತುಣುಕುಗಳಲ್ಲಿ ರೊಚ್ಚಿಗೆದ್ದ ಮೈಕ್ರೋಗ್ಲಿಯವನ್ನೂ ಈ ವಸ್ತುವನ್ನೂ ಕಂಡಿದ್ದಾರೆ.

ಕಸ ಗುಡಿಸುವ ಕೆಲಸವೂ ಕೆಡುತ್ತದೆ. ಓರ್ತೇಗನ ಗುರು ಅಚೂಕಾರೋ ಎಂಬಾತನ ಹೆಸರನ್ನು ಹೊತ್ತ ಸಂಸ್ಥೆಯೊಂದು ಸ್ಪೇನಿನ ಬಾಸ್ಕ್ ಪ್ರಾಂತದಲ್ಲಿದೆ. ಅಲ್ಲಿಯವರು 2016ರಲ್ಲಿ ಇದರ ಕಾರಣವನ್ನು ತೋರಿಸಿದರು. ಸಾಮಾನ್ಯವಾಗಿ ಸಾಯುತ್ತಿರುವ ಕೋಶವೊಂದರಿಂದ ಸಣ್ಣಗೆ ಬರುವ ಎ.ಟಿ.ಪಿ.ಯ ಜಾಡು ಹಿಡಿದು ಮೈಕ್ರೋಗ್ಲಿಯ ಅದನ್ನು ಹುಡುಕಿಕೊಂಡು ಹೋಗಿ ನುಂಗುತ್ತವೆ. ಸೆಳವಿನಲ್ಲಿ ಎಲ್ಲ ಕಡೆಯೂ ಎ.ಟಿ.ಪಿ. ಚೆಲ್ಲಾಡುವುದರಿಂದ ಜಾಡು ತಪ್ಪುತ್ತದೆ. ಊರಿಗೆ ಊರೇ ಬೊಬ್ಬೆ ಹೊಡೆದರೆ, ಯಾವ ಮನೆಯಿಂದ ನಿಜವಾದ ಕೂಗು ಬಂತೆಂದು ತಳವಾರನಿಗೆ ತಿಳಿಯುವುದು ಹೇಗೆ? ಸತ್ತ ಕೋಶಗಳು ಹಾಗೆಯೇ ಉಳಿಯುತ್ತವೆ.

ಹೇಳಿದ್ದರಲ್ಲಿ ಹೆಚ್ಚಿನ ಪಾಲು ಇಲಿಗಳಲ್ಲಿ ಕಂಡದ್ದೆಂಬುದನ್ನು ವಾಚಕರು ಮರೆಯಬಾರದು. ಮನುಷ್ಯನ ಮೂರ್ಛೆಗೆ ಕಾರಣಗಳು ಹಲವು: ಹುಟ್ಟುವಾಗಿನ ಪೆಟ್ಟು, ತಲೆಯ ಗಾಯ, ಪಾರ್ಶ್ವವಾಯು, ಗಡ್ಡೆ, ವಂಶದಿಂದ ಬಂದ ದೋಷ. ಮೈಕ್ರೋಗ್ಲಿಯವೇ ರೋಗದ ಬೇರು ಎಂದು ಇದರ ಅರ್ಥವಲ್ಲ. ಬೇರಿಗೆ ನೀರೆರೆಯುವುದರಲ್ಲಿಯೂ ಅದನ್ನು ಒಣಗಿಸುವುದರಲ್ಲಿಯೂ ಅವುಗಳ ಕೈಯಿದೆ ಎಂದು ಮಾತ್ರ ಅರ್ಥ.

ರೋಗನಿರೋಧಕ ಶಕ್ತಿಯೇ ಸೆಳವನ್ನು ತರುವ ಒಂದು ಉದಾಹರಣೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿದೆ. ಹಂದಿಯ ಲಾಡಿಹುಳುವಿನ ಮರಿ ಮಿದುಳಿನಲ್ಲಿ ಸೇರಿ ಸಣ್ಣ ಗುಳ್ಳೆಯಾಗಿ ಕೂರುತ್ತದೆ. ಅದು ಬದುಕಿರುವಷ್ಟು ಕಾಲ, ಎಷ್ಟೋ ವೇಳೆ ವರ್ಷಗಟ್ಟಲೆ, ಯಾವ ತೊಂದರೆಯೂ ಕಾಣದಿರಬಹುದು. ಹುಳು ಸಾಯತೊಡಗಿದಾಗ ಮೈಯ ಕಾವಲುಪಡೆ ಅದರ ಮೇಲೆ ಬೀಳುತ್ತದೆ, ಸುತ್ತಲೂ ಬಾವು ಏರುತ್ತದೆ, ಆಗ ಸೆಳವು ಬರುತ್ತದೆ. ಆದುದರಿಂದಲೇ ಹುಳು ಕೊಲ್ಲುವ ಮದ್ದಿನ ಜೊತೆಗೆ ಕಾವಲುಪಡೆಯ ರಭಸವನ್ನು ತಗ್ಗಿಸುವ ಸ್ಟೀರಾಯ್ಡ್ ಮದ್ದನ್ನೂ ವೈದ್ಯರು ಕೊಡುತ್ತಾರೆ. "ನಾವು ಮಾಂಸವನ್ನೇ ಮುಟ್ಟುವವರಲ್ಲ, ನಮಗೆಲ್ಲಿಯ ಹಂದಿಯ ಹುಳು?" ಎಂದು ಕೇಳುವವರುಂಟು. ಮಿದುಳಿಗೆ ಹೋಗುವುದು ಮನುಷ್ಯನ ಮಲದಿಂದ ಹೊರಬಿದ್ದ ಹುಳುವಿನ ಮೊಟ್ಟೆ. ಅದು ನೀರು, ತೊಳೆಯದ ಕೈ, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳ ಮೂಲಕ ಸಸ್ಯಾಹಾರಿಯ ಹೊಟ್ಟೆಯನ್ನೂ ಸೇರುತ್ತದೆ. ಕೋಸಂಬರಿಗೆ ಹಾಕುವ ತರಕಾರಿಯನ್ನೂ ಕೊತ್ತಂಬರಿ ಸೊಪ್ಪನ್ನೂ ಚೆನ್ನಾಗಿ ತೊಳೆಯಬೇಕು, ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂದು ಅಜ್ಜಿಯರು ಹೇಳುತ್ತಿದ್ದ ಮಾತಿಗೆ ಇಷ್ಟು ದೊಡ್ಡ ಅರ್ಥವಿದೆ.

ಹಾಗಾದರೆ ಮಾಡಬೇಕಾದುದೇನು?

ಎರಡನೆಯ ಸಂದೇಹಕ್ಕೆ ಈಗ ಉತ್ತರ ಹೇಳಬಹುದು. ಹುಡುಗನಿಗೆ ನಿರೋಧಕ ಶಕ್ತಿ ಸಾಲದೆ ಮೂರ್ಛೆ ಬಂದಿತೆನ್ನಲು ಆಧಾರವಿಲ್ಲ. ಇಲ್ಲಿ ಪ್ರಶ್ನೆ ಶಕ್ತಿಯ ಹೆಚ್ಚು ಕಡಿಮೆಯದಲ್ಲ, ಹದದ್ದು. ತೀರ ಇಲ್ಲದಿದ್ದರೆ ಬೆಂಕಿ ಆರಿಸುವವರಿಲ್ಲ. ಅತಿಯಾದರೆ ಬೇಲಿಯೇ ಹೊಲವನ್ನು ಮೇಯುತ್ತದೆ. ಆದುದರಿಂದ ಮೂರನೆಯ ಸಂದೇಹಕ್ಕೂ ಉತ್ತರ ಖಂಡಿತವಾದದ್ದು: 'ಶಕ್ತಿ ಹೆಚ್ಚಿಸುವ' ಯಾವ ಲೇಹ್ಯವೂ ಗುಳಿಗೆಯ ಸ್ಥಾನವನ್ನು ತುಂಬಲಾರದು. ಏನನ್ನಾದರೂ ಕೊಡುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಇದಕ್ಕೆ ವಿರುದ್ಧವಾಗಿ, "ಉರಿಯೂತವೆಂದರೆ ಸ್ಟೀರಾಯ್ಡ್ ತಿಂದರಾಯಿತು" ಎಂದು ಅಂಗಡಿಯಿಂದ ತಂದು ತಿನ್ನಿಸುವುದು ಇನ್ನೂ ಅಪಾಯ. ಹಸುಗೂಸುಗಳ ಒಂದು ಬಗೆಯ ಸೆಳವಿಗೆ ಎ.ಸಿ.ಟಿ.ಎಚ್. ಎಂಬ ಹಾರ್ಮೋನು ಗುಣಕಾರಿಯೆಂದು 1958ರಲ್ಲಿಯೇ ವರದಿಯಾಯಿತು, ಇಂದಿಗೂ ಬಳಕೆಯಲ್ಲಿದೆ. ಜ್ವರದ ಹಿಂದೆಯೇ ಬರುವ ಅತ್ಯಂತ ಉಗ್ರವಾದ ಒಂದು ಮೂರ್ಛೆಗೆ, ಇಂಟರ್‌ಲ್ಯೂಕಿನ್ನನ್ನು ತಡೆಯುವ ಅನಾಕಿನ್ರ ಎಂಬ ಮದ್ದನ್ನು ದೊಡ್ಡ ಆಸ್ಪತ್ರೆಗಳಲ್ಲಿ ಪ್ರಯೋಗಿಸುತ್ತಿದ್ದಾರೆ. ಇವೆಲ್ಲ ತಜ್ಞರು ಆಸ್ಪತ್ರೆಯಲ್ಲಿ ಎಚ್ಚರದಿಂದ ಮಾಡುವ ಚಿಕಿತ್ಸೆಗಳು.

ಮಿಕ್ಕ ಬಹುಮಂದಿಗೆ ನರಕೋಶಗಳ ಅತಿಮಿಡಿತವನ್ನು ತಗ್ಗಿಸುವ ಸಾಧಾರಣ ಗುಳಿಗೆಗಳೇ ಸಾಕು. ಸರಿಯಾಗಿ ಪರೀಕ್ಷಿಸಿ ಸರಿಯಾದ ಮದ್ದು ಕೊಟ್ಟರೆ ನೂರರಲ್ಲಿ ಎಪ್ಪತ್ತು ಜನರವರೆಗೆ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನಾಡಿನ ಯಳಂದೂರಿನಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಹಳ್ಳಿಯ ಜನರಿಗೆ ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮದ್ದುಗಳನ್ನು ಕ್ರಮವಾಗಿ ಕೊಟ್ಟು ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಆ ವರದಿ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿತು. ಬೇಕಾದುದು ಬೆಲೆಬಾಳುವ ಮದ್ದಿಗಿಂತ ಹೆಚ್ಚಾಗಿ ತಪ್ಪದ ನೇಮ. ಗುಳಿಗೆಯನ್ನು ತಟ್ಟನೆ ಬಿಟ್ಟರೆ ನಿಲ್ಲದ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ರಜೆಯಲ್ಲಿ, ಜಾತ್ರೆಗೆ, ಮದುವೆಗೆ ಊರಿಗೆ ಹೊರಡುವ ನಮ್ಮ ಕುಟುಂಬಗಳು ಉಪ್ಪಿನಕಾಯಿಯ ಜಾಡಿಗೆ ಮುಂಚೆ ಗುಳಿಗೆಯ ಪೊಟ್ಟಣವನ್ನೂ ವೈದ್ಯರ ಚೀಟಿಯನ್ನೂ ಚೀಲಕ್ಕೆ ಹಾಕಬೇಕು. ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಇರಲಿ. ರೈಲಿನ ರಾತ್ರಿ ಪ್ರಯಾಣದಲ್ಲಿ ನಿದ್ದೆಗೆಡುವುದೂ ಸೆಳವನ್ನು ಕರೆಯಬಲ್ಲದು.

ಇನ್ನು ಮುಚ್ಚಿಡುವ ವಿಷಯ. ಹಿರಿಯರ ಭಯಕ್ಕೆ ಮೂಲ ಮದುವೆಯ ಚಿಂತೆ ಎಂಬುದನ್ನು ಬಲ್ಲೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿಯೆಂದು ಹಿಂದೆ ಇದ್ದದ್ದು ನಿಜ. 1999ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾಯಿದೆಯೇ ಕೈಬಿಟ್ಟ ಕಳಂಕವನ್ನು ನಾವು ಏಕೆ ಹೊರಬೇಕು? ಬೀದಿಯಲ್ಲಿ ಸಾರಬೇಕಾಗಿಲ್ಲ. ಆದರೆ ಶಾಲೆಯ ಉಪಾಧ್ಯಾಯರಿಗೆ, ಪಕ್ಕದ ಮನೆಯವರಿಗೆ, ಹುಡುಗನ ಒಬ್ಬಿಬ್ಬರು ಗೆಳೆಯರಿಗೆ ತಿಳಿದಿರಲೇಬೇಕು. ನರಕೋಶ ಕೂಗಿದ್ದು ಕೇಳಿಸಿದರೆ ತಾನೆ ಕಾವಲುಗಾರ ಓಡಿಬರುವುದು? ಪರಊರಿನಲ್ಲಿ ನಮಗೆ ಕಾವಲು ಎಂದರೆ ನೆರೆಹೊರೆಯವರೇ.

ಅವರಿಗೆ ಈ ನಾಲ್ಕು ಮಾತನ್ನೂ ಹೇಳಿಕೊಡಿ. ಸೆಳವು ಬಂದಾಗ ರೋಗಿಯನ್ನು ಒತ್ತಿ ಹಿಡಿಯಬಾರದು. ತಲೆಯ ಕೆಳಗೆ ಮೆತ್ತನೆಯದನ್ನು ಇಟ್ಟು, ಕೊರಳಿನ ಗುಂಡಿ ಸಡಿಲಿಸಿ, ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬಾರದು. ಕೈಗೆ ಬೀಗದ ಕೈ ಕೊಡುವುದರಿಂದಾಗಲಿ, ಈರುಳ್ಳಿಯನ್ನೋ ಚಪ್ಪಲಿಯನ್ನೋ ಮೂಸಿಸುವುದರಿಂದಾಗಲಿ ಪ್ರಯೋಜನವಿಲ್ಲ. ಗಡಿಯಾರ ನೋಡಿಕೊಳ್ಳಬೇಕು, ಐದು ನಿಮಿಷ ಮೀರಿದರೂ, ಎಚ್ಚರವಾಗುವುದರೊಳಗೆ ಮತ್ತೊಂದು ಸೆಳವು ಬಂದರೂ ಕೂಡಲೇ ಆಂಬ್ಯುಲೆನ್ಸ್ ಕರೆಸಬೇಕು. ಸೆಳವು ನಿಂತ ಮೇಲೆ ಪೂರ್ತಿ ಎಚ್ಚರವಾಗುವವರೆಗೆ ಒಬ್ಬರು ಜೊತೆಯಲ್ಲಿ ಇರಬೇಕು.